ದೊಡ್ಡ ಸ್ವಾಮಿಯವರೂ ಸಿಡುಬಿನ ಲಸಿಕೆಯೂ

ಮೈಸೂರು ಸೀಮೆಯ ಕ್ರೈಸ್ತಸಭೆಯ ಚರಿತ್ರೆಯನ್ನು ಅವಲೋಕಿಸುವಾಗ, ಜನರ ಪ್ರಾಣರಕ್ಷಣೆಗಾಗಿ ಗುರುಗಳು ಪಟ್ಟ ಶ್ರಮವನ್ನೂ ನಾವು ಸ್ಮರಿಸುವುದು ಉಚಿತ.

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ತರುವಾಯ, ಚದುರಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಫ್ರೆಂಚ್ ಗುರು ಅಬ್ಬೆ ದುಬುವಾ ಇಲ್ಲಿಗೆ ಬಂದರು. ಜನರು ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆಯುತ್ತಿದ್ದರು. ಅಂದು ಸಿಡುಬು ಮನೆಮನೆಗೂ ಭೀತಿಯಾಗಿತ್ತು. ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರ್ 1796ರಲ್ಲಿ ಪ್ರಯೋಗಿಸಿದ ಗೋಸಿಡುಬಿನ ಲಸಿಕೆಯು 1802ರಲ್ಲಿ ಮುಂಬಯಿಯನ್ನು ತಲುಪಿತು. ಆದರೆ ಜನರು ಹಿಂಜರಿದರು. ಸಿಡುಬು ಅಮ್ಮನವರ ಮುನಿಸೆಂಬ ನಂಬಿಕೆ ಒಂದೆಡೆ. ಒಂದು ಮಗುವಿನ ತೋಳಿನ ಗುಳ್ಳೆಯ ರಸವನ್ನು ಮತ್ತೊಂದು ಮಗುವಿನ ತೋಳಿಗೆ ಹಾಕಬೇಕಾಗಿದ್ದುದರಿಂದ ಜಾತಿ ಕೆಡುವ ಅಂಜಿಕೆ ಇನ್ನೊಂದೆಡೆ.

ದೊಡ್ಡ ಸ್ವಾಮಿಯವರು ದೇಶೀಯ ಉಡುಪನ್ನು ಧರಿಸಿ, ಇಲ್ಲಿನ ನಡೆನುಡಿಗಳನ್ನು ಅರಿತು, ಜನರ ನಡುವೆಯೇ ಬಾಳಿದವರು. ಆದುದರಿಂದಲೇ ಅವರ ಮಾತಿಗೆ ಬೆಲೆಯಿತ್ತು. 1803–04ರಲ್ಲಿ ಅವರ ಪರಿಶ್ರಮದಿಂದ 25,432 ಮಂದಿ ಲಸಿಕೆ ಪಡೆದರೆಂದು ದಾಖಲೆಯಿದೆ. 1806ರಲ್ಲಿ ಮೈಸೂರಿನ ರಾಣಿ ದೇವಾಜಮ್ಮಣ್ಣಿಯವರೂ ಲಸಿಕೆ ಪಡೆದುದು ಇನ್ನೂ ಹಲವರಿಗೆ ಧೈರ್ಯ ತಂದಿತು.

1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಿಡುಬು ಭೂಮಿಯಿಂದ ನಿರ್ಮೂಲವಾಯಿತೆಂದು ಘೋಷಿಸಿತು. ಆದರೂ 2021ರಲ್ಲಿ ಕೋವಿಡ್ ಲಸಿಕೆ ಬಂದಾಗ ‘ಯಾರ ಮಾತನ್ನು ನಂಬೋಣ?’ ಎಂಬ ಹಳೆಯ ಪ್ರಶ್ನೆಯೇ ಮರುಕಳಿಸಿತು. ಸಾಂಕ್ರಾಮಿಕವು ಬಂದೆರಗಿದ ದಿನ ವಿಶ್ವಾಸವನ್ನು ಹೊಸದಾಗಿ ಗಳಿಸಲಾಗದು. ಅದು ಮುಂಚೆಯೇ, ಒಡನಾಟದಿಂದ ಬೆಳೆದಿರಬೇಕು.

ಪ್ರಿಯ ಭಕ್ತವಿಶ್ವಾಸಿಗಳೇ, ಅಂಜಿದವರನ್ನು ಅಜ್ಞಾನಿಗಳೆಂದು ಜರೆಯದೆ, ಅವರ ಅಳಲನ್ನು ಆಲಿಸಿ ತಿಳಿಹೇಳುವ ಸೇವೆಯು ನಮ್ಮ ಧರ್ಮಕೇಂದ್ರದ ಎರಡನೆಯ ಶತಮಾನದಲ್ಲಿಯೂ ಮುಂದುವರಿಯಲಿ.