ನಮ್ಮ ಗದ್ದೆಗೆ ಟಿಲ್ಲರ್ ಬಂದ ಕಥೆ ಮತ್ತು ಅದರ ‘ಸ್ಲೋ’ ಸ್ಕ್ರೂ



ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಹೇಳಿದಾಗ, ಸಾಲ, ವಸೂಲಿ, ಷೇರು ಇವುಗಳ ಬಗ್ಗೆ ಬರೆಯುವವರು ಬೇರೆ ಇದ್ದಾರೆ ಅಂತ ನಾನು ಟಿಲ್ಲರನ್ನು ಆರಿಸಿಕೊಂಡೆ. ನಮ್ಮ ಆಲೂರು ಸೀಮೆಯಲ್ಲಿ ಎತ್ತಿನ ಜಾಗಕ್ಕೆ ಬಂದು ನಿಂತ ಯಂತ್ರ ಇದು. ಇದು ಎಲ್ಲಿಂದ ಬಂತು, ಇದರ ಎಂಜಿನ್ನಿನಲ್ಲಿರುವ ಒಂದು ಸಣ್ಣ ಸ್ಕ್ರೂ ನಮ್ಮ ಡೀಸೆಲ್ಲನ್ನೂ ನಮ್ಮ ಕಾಲನ್ನೂ ಹೇಗೆ ಕಾಯುತ್ತದೆ ಎಂಬುದು ಸದಸ್ಯರಿಗೆಲ್ಲ ಗೊತ್ತಿರಬೇಕಾದ ವಿಷಯ.

ನಮ್ಮ ಕಡೆಯ ಗದ್ದೆಗಳು ಬಯಲುಸೀಮೆಯ ಹೊಲದಂತೆ ಅಲ್ಲ. ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲಿನಂತೆ ಒಂದರ ಕೆಳಗೊಂದು ಸಣ್ಣ ಸಣ್ಣ ಮಡಿ. ಒಂದು ಗದ್ದೆಯಿಂದ ಇನ್ನೊಂದಕ್ಕೆ ಬದು ಹತ್ತಿ ಇಳಿಯಬೇಕು. ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರು. ಇಂಥ ಕಡೆ ದೊಡ್ಡ ಟ್ರ್ಯಾಕ್ಟರ್ ಇಳಿದರೆ ಹೂತುಕೊಳ್ಳುತ್ತೆ, ಇಲ್ಲವೇ ಬದು ಒಡೆಯುತ್ತೆ. ಹಾಗಾಗಿ ಬಹಳ ಕಾಲ ಎತ್ತು, ಕೋಣಗಳೇ ಗತಿಯಾಗಿದ್ದವು. 1974ರ ಭೂಸುಧಾರಣೆ ತಿದ್ದುಪಡಿ ಕಾಯ್ದೆಯಿಂದ ರಾಜ್ಯದಲ್ಲಿ ಅನೇಕ ಗೇಣಿದಾರರು ಉಳುವ ಭೂಮಿಗೆ ಒಡೆಯರಾದರು. ಸಣ್ಣ ಹಿಡುವಳಿಯವನಿಗೆ ಸಣ್ಣ ಯಂತ್ರವೇ ಬೇಕಾಯಿತು.

ಈ ಯಂತ್ರದ ಮೂಲ ಹುಡುಕಿದರೆ ದೂರ ಹೋಗಬೇಕಾಗುತ್ತದೆ. ತಿರುಗುವ ಬ್ಲೇಡುಗಳಿಂದ ಮಣ್ಣು ಸಡಿಲ ಮಾಡಬಹುದು ಎಂದು ಆಸ್ಟ್ರೇಲಿಯಾದ ಆರ್ಥರ್ ಕ್ಲಿಫರ್ಡ್ ಹೋವರ್ಡ್ ಎಂಬುವರು 1912ರಲ್ಲಿ ತಮ್ಮ ತಂದೆಯ ಜಮೀನಿನಲ್ಲಿ ಪ್ರಯೋಗ ಮಾಡಿದರು. ಎರಡನೇ ಮಹಾಯುದ್ಧದ ನಂತರ ಜಪಾನಿನಲ್ಲಿ ಕೈಯಲ್ಲಿ ಹಿಡಿದು ನಡೆಸುವ ಸಣ್ಣ ಟಿಲ್ಲರುಗಳು ಬೇಗ ಹಬ್ಬಿದವು. ಅವರದೂ ನಮ್ಮಂತೆಯೇ ಭತ್ತದ ಸಣ್ಣ ಗದ್ದೆಗಳು. 1960ರ ದಶಕದಲ್ಲಿ ಜಪಾನಿನ ನೆರವಿನಿಂದ ನಮ್ಮ ದೇಶದ ಕೆಲವು ಕಡೆ ಭತ್ತದ ಪ್ರಾತ್ಯಕ್ಷಿಕೆ ಕೇಂದ್ರಗಳು ಶುರುವಾದವು. ನಮ್ಮ ರಾಜ್ಯದ ಮಂಡ್ಯವೂ ಅದರಲ್ಲಿ ಒಂದು. 1967ರಲ್ಲಿ ಬೆಂಗಳೂರಿನಲ್ಲಿ ಮಿತ್ಸುಬಿಷಿ ಕಂಪನಿಯ ಸಹಯೋಗದಿಂದ ವಿ.ಎಸ್.ಟಿ. ಟಿಲ್ಲರ್ಸ್ ಸ್ಥಾಪನೆಯಾಯಿತು. 1973ರಲ್ಲಿ ಕೇರಳ ಸರ್ಕಾರದ ಕ್ಯಾಮ್ಕೋ ಶುರುವಾಗಿ, ಜಪಾನಿನ ಕುಬೋಟಾ ತಂತ್ರಜ್ಞಾನದಲ್ಲಿ ಟಿಲ್ಲರ್ ತಯಾರಿಸಿತು. ಮಲೆನಾಡಿನ ರೈತರಿಗೆ ಹೆಚ್ಚು ಪರಿಚಯವಾದದ್ದು ಈ ಎರಡು ಹೆಸರುಗಳೇ. 2014ರ ನಂತರ ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರಗಳು ಬಂದ ಮೇಲೆ, ಕೊಳ್ಳಲಾರದವರಿಗೂ ಬಾಡಿಗೆಗೆ ಯಂತ್ರ ಸಿಗುವಂತಾಯಿತು.

ಇನ್ನು ಸ್ಕ್ರೂವಿನ ವಿಷಯ. ಎತ್ತಿಗೆ ‘ಹೋ’ ಅಂದರೆ ನಿಲ್ಲುತ್ತದೆ. ನಿಂತಾಗ ಅದಕ್ಕೆ ಖರ್ಚಿಲ್ಲ, ಉಸಿರಾಡಿಕೊಂಡು ಇರುತ್ತದೆ. ಎಂಜಿನ್ ಹಾಗಲ್ಲ. ನಿಂತಾಗಲೂ ಅದು ತಿರುಗುತ್ತಲೇ ಇರಬೇಕು, ಇಲ್ಲದಿದ್ದರೆ ಪ್ರತಿ ಸಲ ಹ್ಯಾಂಡಲ್ ಹೊಡೆಯಬೇಕು. ಕೆಲಸವಿಲ್ಲದಾಗ ಎಂಜಿನ್ ತಿರುಗುವ ಆ ಕನಿಷ್ಠ ವೇಗಕ್ಕೆ ನಾವು ‘ಸ್ಲೋ’ ಅನ್ನುತ್ತೇವೆ.

ಇದನ್ನು ನೋಡಿಕೊಳ್ಳುವುದು ಗವರ್ನರ್. 1788ರಲ್ಲಿ ಜೇಮ್ಸ್ ವಾಟ್ ಸ್ಟೀಮ್ ಎಂಜಿನ್ನಿಗೆ ಎರಡು ಗುಂಡುಗಳ ಗವರ್ನರ್ ಕೂರಿಸಿದರು. ವೇಗ ಹೆಚ್ಚಾದರೆ ಗುಂಡುಗಳು ಅಗಲವಾಗಿ ಹಬೆಯನ್ನು ತಗ್ಗಿಸುತ್ತಿದ್ದವು, ಕಡಿಮೆಯಾದರೆ ಹತ್ತಿರ ಬಂದು ಹೆಚ್ಚಿಗೆ ಬಿಡುತ್ತಿದ್ದವು. 1897ರಲ್ಲಿ ರುಡಾಲ್ಫ್ ಡೀಸೆಲ್ ಅವರ ಎಂಜಿನ್ ಯಶಸ್ವಿಯಾಯಿತು. 1927ರಲ್ಲಿ ಬಾಷ್ ಕಂಪನಿ ಡೀಸೆಲ್ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ ಸಣ್ಣ ಡೀಸೆಲ್ ಎಂಜಿನ್ನುಗಳಿಗೂ ದಾರಿಯಾಯಿತು. ನಮ್ಮ ಟಿಲ್ಲರಿನ ಒಳಗಿರುವುದೂ ವಾಟ್‌ನ ಅದೇ ಉಪಾಯ. ಸಣ್ಣ ತೂಕಗಳು ಒಂದು ಕಡೆ, ಸ್ಪ್ರಿಂಗ್ ಇನ್ನೊಂದು ಕಡೆ. ಹಿಡಿಯ ಹತ್ತಿರದ ಆಕ್ಸಿಲರೇಟರ್ ಲಿವರ್ ಎಳೆಯುವುದು ಆ ಸ್ಪ್ರಿಂಗನ್ನು. ಲಿವರ್ ಪೂರ್ತಿ ಇಳಿಸಿದಾಗ ಎಲ್ಲಿಗೆ ಬಂದು ನಿಲ್ಲಬೇಕು ಎಂದು ತಡೆಯುವುದೇ ಸ್ಲೋ ಸ್ಕ್ರೂ. ಪೆಟ್ರೋಲ್ ಬೈಕಿನಲ್ಲಿ ಸ್ಲೋ ಸ್ಕ್ರೂ ತಿರುಗಿಸಿದರೆ ಗಾಳಿಯ ದಾರಿ ಹೆಚ್ಚು ಕಡಿಮೆ ಆಗುತ್ತದೆ. ಇಲ್ಲಿ ಡೀಸೆಲ್ ಹೆಚ್ಚು ಕಡಿಮೆ ಆಗುತ್ತದೆ. ಹಾಗಾಗಿ ಬೈಕಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಒಂದು ಲೆಕ್ಕ ನೋಡಿ. ನಾಲ್ಕು ಸ್ಟ್ರೋಕಿನ ಒಂದೇ ಸಿಲಿಂಡರಿನ ಎಂಜಿನ್ ಎರಡು ಸುತ್ತಿಗೆ ಒಂದು ಸಲ ಡೀಸೆಲ್ ಸುಡುತ್ತದೆ. ನಿಮಿಷಕ್ಕೆ 2400 ಸುತ್ತಿದ್ದರೆ 1200 ಸಲ, 800 ಸುತ್ತಿದ್ದರೆ 400 ಸಲ. ಬದುವಿನ ಮೇಲೆ ಕೂತು ಕಾಫಿ ಕುಡಿಯುವಷ್ಟು ಹೊತ್ತು ರೇಸಿನಲ್ಲಿ ಬಿಟ್ಟರೆ ಹೋಗುವುದು ನಮ್ಮದೇ ದುಡ್ಡು. ಹಾಗಂತ ತೀರಾ ಸ್ಲೋ ಇಡುವುದೂ ಸರಿಯಲ್ಲ. ಎಂಜಿನ್ ಕುಲುಕುತ್ತದೆ, ಆಯಿಲ್ ಸರಿಯಾಗಿ ಓಡುವುದಿಲ್ಲ, ಡೀಸೆಲ್ ಪೂರ್ತಿ ಸುಡದೆ ಮಸಿ ಕಟ್ಟುತ್ತದೆ. ಎಷ್ಟಿರಬೇಕು ಎಂಬುದು ಮಾಡೆಲ್ಲಿನಿಂದ ಮಾಡೆಲ್ಲಿಗೆ ಬೇರೆ. ಕಂಪನಿಯ ಪುಸ್ತಕದಲ್ಲಿ ಬರೆದಷ್ಟೇ ಇಡಬೇಕು.

ದುಡ್ಡಿಗಿಂತ ದೊಡ್ಡ ವಿಷಯ ಕಾಲಿನದು. ಟಿಲ್ಲರ್ ನಡೆಸುವವನು ಬ್ಲೇಡಿನ ಹಿಂದೆಯೇ ನಡೆಯುತ್ತಾನೆ. ಸ್ಲೋ ಹೆಚ್ಚಿದ್ದರೆ ಕ್ಲಚ್ ಬಿಟ್ಟ ಕೂಡಲೇ ಯಂತ್ರ ಜಿಗಿಯುತ್ತದೆ. ರಿವರ್ಸ್ ಹಾಕಿದಾಗ ಹಿಡಿ ಮೇಲಕ್ಕೆದ್ದು, ಬ್ಲೇಡು ಕಾಲಿನ ಕಡೆಗೇ ಬರುತ್ತದೆ. ಹಿಂದೆ ಗೋಡೆಯೋ ಮರವೋ ಇದ್ದರೆ ಮನುಷ್ಯ ನಡುವೆ ಸಿಕ್ಕಿಕೊಳ್ಳುತ್ತಾನೆ. ಆದ್ದರಿಂದ ರೋಟರಿ ಬಿಡಿಸದೆ ರಿವರ್ಸ್ ಹಾಕಲೇಬಾರದು, ರೇಸ್ ಪೂರ್ತಿ ಇಳಿಸದೆ ಗೇರ್ ಮುಟ್ಟಬಾರದು. ಎಂಜಿನ್ ಹದವಾಗಿ ಸ್ಲೋ ನಿಂತರೆ ಮಾತ್ರ ಈ ಎರಡನೇ ನಿಯಮ ಪಾಲಿಸಲು ಆಗುತ್ತದೆ.

ಸ್ಲೋ ಸೆಟ್ ಮಾಡುವ ಕ್ರಮ ಕಷ್ಟವೇನಲ್ಲ. ಮೊದಲು ಏರ್ ಫಿಲ್ಟರ್, ಆಯಿಲ್, ನೀರು, ಡೀಸೆಲ್ ಫಿಲ್ಟರ್ ನೋಡಿಕೊಳ್ಳಿ. ಗೇರ್ ನ್ಯೂಟ್ರಲ್, ರೋಟರಿ ಬಿಡಿಸಿರಲಿ, ಸಮತಟ್ಟಾದ ಜಾಗದಲ್ಲಿ ಬ್ರೇಕ್ ಹಾಕಿರಲಿ. ನಮ್ಮ ಕಡೆ ಮಾಗಿಯ ಚಳಿಯಲ್ಲಿ ಆಯಿಲ್ ಗಟ್ಟಿಯಾಗಿರುತ್ತದೆ. ತಣ್ಣಗಿರುವ ಎಂಜಿನ್ನಿಗೆ ಸ್ಕ್ರೂ ತಿರುಗಿಸಿದರೆ, ಬಿಸಿಯಾದ ಮೇಲೆ ರೇಸ್ ಏರುತ್ತದೆ. ಆದ್ದರಿಂದ ಹತ್ತು ನಿಮಿಷ ಓಡಿಸಿ ಬಿಸಿಯಾಗಲಿ. ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಮಾತ್ರ ಓಡಿಸಬೇಡಿ, ಹೊಗೆ ಜೀವಕ್ಕೆ ಅಪಾಯ. ಆಮೇಲೆ ಲಿವರ್ ಪೂರ್ತಿ ಇಳಿಸಿ, ಕೇಬಲ್ ಬಿಗಿದುಕೊಂಡಿಲ್ಲವೇ ನೋಡಿ. ಎಷ್ಟೋ ಸಲ ತಪ್ಪಿರುವುದು ಕೇಬಲ್ಲಿನಲ್ಲಿ, ಸ್ಕ್ರೂವಿನಲ್ಲಿ ಅಲ್ಲ. ಲಾಕ್ ನಟ್ ಸಡಿಲಿಸಿ ಸ್ಕ್ರೂವನ್ನು ಕಾಲು ಸುತ್ತು ಮಾತ್ರ ತಿರುಗಿಸಿ ಕಿವಿಗೊಟ್ಟು ಕೇಳಿ. ಮೆಕ್ಯಾನಿಕ್ ಹತ್ತಿರ ಸುತ್ತು ಅಳೆಯುವ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಸರಿಯಾದ ಮೇಲೆ ನಟ್ ಬಿಗಿದು, ರೇಸ್ ಏರಿಸಿ ಒಮ್ಮೆಲೇ ಇಳಿಸಿ ನೋಡಿ. ಎಂಜಿನ್ ಆಫ್ ಆಗದೆ ಒಂದೇ ಸಮ ನಿಂತರೆ ಹದ ಬಂತು ಅಂತ ಅರ್ಥ. ಶಬ್ದ ಏರಿ ಇಳಿದು ಮಾಡುತ್ತಿದ್ದರೆ ಲೈನಿನಲ್ಲಿ ಗಾಳಿ ಸೇರಿರಬಹುದು, ನಾಜಲ್ಲೋ ಗವರ್ನರ್ ಸ್ಪ್ರಿಂಗೋ ಕೆಟ್ಟಿರಬಹುದು. ಅದಕ್ಕೆ ಸ್ಕ್ರೂ ಮದ್ದಲ್ಲ. ಸೀಲು ಹಾಕಿರುವ ಹೈ ಸ್ಪೀಡ್ ಸ್ಕ್ರೂವನ್ನಂತೂ ಯಾರೂ ಮುಟ್ಟಬಾರದು.

ಕೊನೆಯದಾಗಿ ಒಂದು ಮಾತು. ಸ್ವಂತ ಟಿಲ್ಲರಿನ ಸ್ಕ್ರೂವನ್ನು ಒಬ್ಬನೇ ಮುಟ್ಟುತ್ತಾನೆ. ಹತ್ತು ಕೈಗೆ ಹೋಗುವ ಬಾಡಿಗೆ ಟಿಲ್ಲರಿನಲ್ಲಿ ಪ್ರತಿಯೊಬ್ಬನೂ ‘ಆಫ್ ಆಗದಿದ್ದರೆ ಸಾಕು’ ಅಂತ ಒಂದಿಷ್ಟು ಏರಿಸಿ ಕೊಡುತ್ತಾನೆ. ಇಳಿಸುವವರು ಯಾರೂ ಇಲ್ಲ. ಎತ್ತಿನ ಕಾಲದಲ್ಲಿ ನಾವು ಮುಯ್ಯಾಳು ಪದ್ಧತಿಯಲ್ಲಿ ದುಡಿದವರು. ಇನ್ನೊಬ್ಬರ ಎತ್ತನ್ನು ಹೊಡೆದು ಬಡಿದು ವಾಪಸ್ಸು ಕಟ್ಟಿದರೆ ಮರುದಿನ ಕೇಳುವವರಿದ್ದರು. ಯಂತ್ರಕ್ಕೆ ಬಾಯಿಲ್ಲ. ಆದ್ದರಿಂದ ಹಂಚಿಕೊಂಡು ಬಳಸುವ ಯಂತ್ರಗಳಿಗೆ ಒಂದು ಪುಸ್ತಕ ಇಟ್ಟು, ಕೊಡುವಾಗ ಮತ್ತು ವಾಪಸ್ಸು ಪಡೆಯುವಾಗ ಸ್ಲೋ, ಆಯಿಲ್, ಕೇಬಲ್ ಪರೀಕ್ಷಿಸಿ ಸಹಿ ಹಾಕಿಸುವ ಕ್ರಮ ಮಾಡಬೇಕೆಂದು ನನ್ನ ಸಲಹೆ. ಸೆಟ್ ಮಾಡಿದ ಲಾಕ್ ನಟ್ಟಿಗೆ ಒಂದು ತೊಟ್ಟು ಬಣ್ಣ ಹಚ್ಚಿದರೆ, ಯಾರಾದರೂ ತಿರುಗಿಸಿದ್ದು ಕೂಡಲೇ ಕಾಣುತ್ತದೆ. ಮುಂದಿನ ಮಹಾಸಭೆಯಲ್ಲಿ ಸದಸ್ಯರು ಇದನ್ನು ಚರ್ಚಿಸಿ ತೀರ್ಮಾನಿಸಲಿ.