ಮಗ್ಗದ ಮೇಲಿನ ದಾರ ಕತ್ತರಿ: ಬೆಟಗೇರಿಯ ಲಾಳಿ ಮಗ್ಗಗಳಿಗೆ ಹೊಂದುವ ಸುಧಾರಣೆ

ನೇಯ್ಗೆಯಲ್ಲಿ ದಾರ ಕತ್ತರಿಸಬೇಕಾಗುವ ಸಂದರ್ಭಗಳು ಮೂರು. ಲಾಳಿಯೊಳಗಿನ ಕಂಡಿಕೆ ಬರಿದಾಗಿ ಹೊಸದನ್ನು ಹಾಕಿದಾಗ ಬಟ್ಟೆಯ ಅಂಚಿನಲ್ಲಿ ಉಳಿಯುವ ಬಾಲ ಮೊದಲನೆಯದು. ಬಣ್ಣ ಬದಲಾದಾಗ ಒಂದು ಲಾಳಿಯಿಂದ ಇನ್ನೊಂದಕ್ಕೆ ಹೋಗುವ ಎಳೆ ಎರಡನೆಯದು. ಬುಟ್ಟಾ ನೇಯುವಾಗ ಒಂದು ಬುಟ್ಟಾದಿಂದ ಮುಂದಿನದಕ್ಕೆ ಬಟ್ಟೆಯ ಹಿಂಬದಿಯಲ್ಲಿ ತೇಲಿ ಹೋಗುವ ಹೆಚ್ಚುವರಿ ಹೊಕ್ಕು ಮೂರನೆಯದು. ಮೂರಕ್ಕೂ ಒಂದೇ ಬಗೆಯ ಕತ್ತರಿ ಸಾಕೆಂಬ ಎಣಿಕೆ ದಾರಿ ತಪ್ಪಿಸುತ್ತದೆ. ಅಲಗು ಎಷ್ಟು ಹರಿತ ಎನ್ನುವುದಕ್ಕಿಂತ, ಕತ್ತರಿಸುವ ಕ್ಷಣದಲ್ಲಿ ದಾರ ಬಿಗಿಯಾಗಿ ನಿಂತಿದೆಯೇ ಎನ್ನುವುದು ಇಲ್ಲಿ ಮುಖ್ಯ.

ಈ ಕತ್ತರಿಯ ಮಾತು ಇಲ್ಲಿ ಬಂದಿರುವುದು ಗದಗ ಸೀಮೆಯ ಬೆಟಗೇರಿಯ ಮಗ್ಗಗಳಿಗಾಗಿ. ತುಂಗಭದ್ರೆಯ ದಂಡೆಯ ಕೊರ್ಲಹಳ್ಳಿಯಿಂದ ಮುಂಡರಗಿ ಮೂಲಕ ಗದಗಿನವರೆಗೆ ಹಬ್ಬಿದ ಸೀಮೆಯ ಬಹುಪಾಲು ಎರೆಭೂಮಿ. ಹತ್ತಿ ಇಲ್ಲಿನ ಹಳೆಯ ಬೆಳೆ. ಧಾರವಾಡ-ಅಮೆರಿಕನ್ ಹತ್ತಿಯಿಂದ ಆರಿಸಿ ತೆಗೆದ ತಳಿಯೊಂದಕ್ಕೆ ‘ಗದಗ ನಂ. 1’ ಎಂದು ಹೆಸರಾಗಿದ್ದು ಗದಗ ಊರಿನಿಂದಲೇ. ಹುಲಕೋಟಿಯಲ್ಲಿ ಸಹಕಾರಿ ನೂಲಿನ ಗಿರಣಿ, ಬೆಟಗೇರಿಯಲ್ಲಿ ಸೀರೆಯ ಮಗ್ಗ, ಗದಗಿನಲ್ಲಿ ಹತ್ತಿಯ ಪೇಟೆ; ಹೀಗೆ ಬೀಜದಿಂದ ಬಟ್ಟೆಯವರೆಗಿನ ಸರಪಳಿ ಕೆಲವೇ ಹರದಾರಿಗಳೊಳಗೆ ಅಡಕವಾಗಿತ್ತು. ಬೆಟಗೇರಿಯ ನೇಕಾರಿಕೆಯಲ್ಲಿ ಕೈಮಗ್ಗದ ಪಕ್ಕದಲ್ಲೇ ವಿದ್ಯುತ್ ಮಗ್ಗ ನೆಲೆಯೂರಿದೆ. ಮನೆಯ ಪಡಸಾಲೆಯಲ್ಲೋ ಹಿತ್ತಲ ಶೆಡ್ಡಿನಲ್ಲೋ ಎರಡು ನಾಲ್ಕು ಮಗ್ಗ ಹೂಡಿ ಮನೆಮಂದಿಯೆಲ್ಲ ದುಡಿಯುವ ಕಸುಬು ಇದು. ಇಂಥ ಕಡೆ ಮಗ್ಗವನ್ನೇ ಬದಲಿಸುವ ಮಾತು ದೂರದ್ದು. ಇರುವ ಮಗ್ಗಕ್ಕೆ ಏನನ್ನು ಜೋಡಿಸಬಹುದು ಎಂಬುದೇ ನಿಜವಾದ ಪ್ರಶ್ನೆ.

ವಿದ್ಯುತ್ ಮಗ್ಗದ ಇತಿಹಾಸದಲ್ಲಿ ದಾರ ಕತ್ತರಿ ತಡವಾಗಿ ಬಂದ ಅಂಗ. ಜಾನ್ ಕೇ 1733ರಲ್ಲಿ ಹಾರುವ ಲಾಳಿ ತಂದ. ಎಡ್ಮಂಡ್ ಕಾರ್ಟ್‌ರೈಟ್ 1785ರಲ್ಲಿ ಯಂತ್ರಬಲದ ಮಗ್ಗಕ್ಕೆ ಪೇಟೆಂಟ್ ಪಡೆದ. ಬಟ್ಟೆಯ ಅಗಲ ಕುಗ್ಗದಂತೆ ಎರಡು ಅಂಚುಗಳನ್ನು ಎಳೆದು ಹಿಡಿಯುವ ಟೆಂಪಲ್ ತಾನಾಗಿ ಉರುಳುವಂತಾದದ್ದು ಅಮೆರಿಕದ ಐರಾ ಡ್ರೇಪರ್ 1816ರಲ್ಲಿ ಪೇಟೆಂಟ್ ಮಾಡಿದ ಸಾಧನದಿಂದ. ಅಲ್ಲಿಯವರೆಗೂ ಅದರ ನಂತರವೂ ಬಾಲ ಕತ್ತರಿಸುವುದು ನೇಕಾರನ ಕೈಕೆಲಸವಾಗಿಯೇ ಉಳಿಯಿತು. 1890ರ ದಶಕದಲ್ಲಿ ಡ್ರೇಪರ್ ಕಂಪನಿಯ ನಾರ್ತ್ರಪ್ ಮಗ್ಗ ಓಡುತ್ತಿರುವಾಗಲೇ ಬರಿ ಕಂಡಿಕೆಯನ್ನು ತಳ್ಳಿ ತುಂಬಿದ ಕಂಡಿಕೆಯನ್ನು ಲಾಳಿಗೆ ಕೂರಿಸತೊಡಗಿತು. ಮಗ್ಗ ನಿಲ್ಲದ ಮೇಲೆ ಕತ್ತರಿ ಹಿಡಿದ ಕೈಗೆ ಎಡೆಯೇ ಇಲ್ಲ. ಹಾಗಾಗಿ ಎರಡು ಕತ್ತರಿಗಳು ಹುಟ್ಟಿಕೊಂಡವು: ಲಾಳಿಯ ಕಣ್ಣಿನ ಹತ್ತಿರ ಹಳೆಯ ಎಳೆಯನ್ನು ತುಂಡರಿಸುವುದೊಂದು, ಟೆಂಪಲ್ಲಿನ ಮೇಲೆ ಕೂತು ಬಟ್ಟೆಯಂಚಿನ ಬಾಲ ತೆಗೆಯುವುದೊಂದು. ಜಪಾನಿನ ಸಾಕಿಚಿ ಟೊಯೊಡಾ 1924ರಲ್ಲಿ ಪೂರ್ಣಗೊಳಿಸಿದ ಜಿ ಮಾದರಿಯ ಮಗ್ಗ ಕಂಡಿಕೆಯ ಬದಲು ಲಾಳಿಯನ್ನೇ ಓಟದಲ್ಲಿ ಬದಲಿಸುತ್ತಿತ್ತು. ಅದರ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕೊಂಡಿತು. ನಮ್ಮ ಸಣ್ಣ ನೇಕಾರರ ಸಾದಾ ಮಗ್ಗಗಳು ಈ ವಂಶದವಲ್ಲ. ಕಂಡಿಕೆ ತೀರಿದರೆ ಅವು ನಿಲ್ಲುತ್ತವೆ, ನೇಕಾರ ಬಂದು ಬದಲಿಸುತ್ತಾನೆ. ಕತ್ತರಿಯೂ ಅವನ ಕೈಯಲ್ಲೇ, ಇಲ್ಲವೆ ಮಗ್ಗದ ಮುಂಗಟ್ಟಿಗೆ ನೇತುಹಾಕಿದ ದಾರದ ತುದಿಯಲ್ಲಿ.

ಈ ಕೈಕೆಲಸದ ಗಾತ್ರವನ್ನು ಲೆಕ್ಕದಿಂದ ಕಾಣಬಹುದು. ನಲವತ್ತರ ನಂಬರಿನ ಹತ್ತಿ ನೂಲು ಒಂದು ಗ್ರಾಮಿಗೆ ಸುಮಾರು 67.7 ಮೀಟರ್ ಉದ್ದ. ಕಂಡಿಕೆಯಲ್ಲಿ 20 ಗ್ರಾಂ ನೂಲಿದ್ದರೆ 1,350 ಮೀಟರ್ ಆಯಿತು. 48 ಇಂಚು ಅಗಲದ ಸೀರೆಯಲ್ಲಿ ಒಂದು ಹೊಕ್ಕಿಗೆ ಕುಗ್ಗುವಿಕೆ ಸೇರಿ 1.3 ಮೀಟರ್ ಹಿಡಿದರೆ, ಒಂದು ಕಂಡಿಕೆ ಸುಮಾರು 1,040 ಹೊಕ್ಕಿಗೆ ಸಾಕಾಗುತ್ತದೆ. ನಿಮಿಷಕ್ಕೆ 150 ಹೊಕ್ಕು ಹಾಕುವ ಮಗ್ಗದಲ್ಲಿ ಅದು ಏಳು ನಿಮಿಷದ ಓಟ. ಇಂಚಿಗೆ 60 ಹೊಕ್ಕಿನ, ಐದೂವರೆ ಮೀಟರಿನ ಸೀರೆಯೊಂದಕ್ಕೆ ಹನ್ನೆರಡು ಹದಿಮೂರು ಕಂಡಿಕೆ ಬೇಕು. ಪ್ರತಿ ಬದಲಾವಣೆಗೆ ಹಳೆಯದರ ತುದಿ, ಹೊಸದರ ತುದಿ ಎಂದು ಎರಡು ಬಾಲ ಹಿಡಿದರೆ ಸೀರೆಗೆ ಸುಮಾರು ಇಪ್ಪತ್ತೈದು. ಸಂಖ್ಯೆ ಸಣ್ಣದು. ಕಷ್ಟ ಸಂಖ್ಯೆಯದಲ್ಲ, ಕತ್ತರಿಸಲು ಮರೆತ ಒಂದೇ ಬಾಲ ಮುಂದಿನ ಲಾಳಿಯ ಜೊತೆ ಹಾಸಿನ ಬಾಯೊಳಗೆ ಎಳೆದುಕೊಂಡು ಹೋಗಿ ಅಂಚಿನ ಬಳಿ ಜೋಡಿ ಎಳೆಯಾಗಿ ಕೂರುತ್ತದೆ. ಒಡಲು ಒಂದು ಬಣ್ಣ, ದಡಿ ಒಂದು ಬಣ್ಣವಿರುವ ಸೀರೆಯಲ್ಲಿ ಈ ಗೆರೆ ಮರೆಯಾಗುವುದಿಲ್ಲ. ವ್ಯಾಪಾರಿ ಮಡಿಕೆ ಬಿಚ್ಚಿ ಮೊದಲು ನೋಡುವುದೂ ಅಂಚನ್ನೇ.

ನಾರ್ತ್ರಪ್ ಮಗ್ಗದ ಟೆಂಪಲ್ ಕತ್ತರಿಯನ್ನು ಹಾಗೆಯೇ ತಂದು ಸಾದಾ ಮಗ್ಗಕ್ಕೆ ಕೂರಿಸಿದರೆ ಏನಾಗುತ್ತದೆ? ಅದರಲ್ಲಿ ಒಂದು ಸ್ಥಿರ ಅಲಗು, ಒಂದು ಚಲಿಸುವ ಅಲಗು. ಹಣಿಗೆ ಹೊತ್ತ ಹಲಗೆ ಹೊಕ್ಕನ್ನು ಬಡಿಯಲು ಮುಂದೆ ಬಂದಾಗ ಚಲಿಸುವ ಅಲಗಿನ ಹಿಮ್ಮಡಿಗೆ ತಾಗುತ್ತದೆ, ಅಲಗು ಮುಚ್ಚುತ್ತದೆ. ಹಲಗೆ ಹಿಂದೆ ಸರಿದಾಗ ಸ್ಪ್ರಿಂಗು ಅದನ್ನು ತೆರೆಯುತ್ತದೆ. ಬೇರೆ ಮೋಟಾರು ಬೇಡ, ಕರೆಂಟು ಬೇಡ. ಇದು ದೊಡ್ಡ ಅನುಕೂಲ. ಆದರೆ ಅಲಗು ಪ್ರತಿ ಬಡಿತಕ್ಕೂ ಮುಚ್ಚಿ ತೆರೆಯುತ್ತದೆ. ಗಂಟೆಗೆ 9,000 ಬಡಿತ, ಅವುಗಳಲ್ಲಿ ದಾರ ಸಿಗುವುದು ಹದಿನೇಳು ಹದಿನೆಂಟರಲ್ಲಿ ಮಾತ್ರ. ಉಳಿದದ್ದೆಲ್ಲ ಉಕ್ಕಿಗೆ ಉಕ್ಕು ಉಜ್ಜುವ ವ್ಯರ್ಥ ಓಡಾಟ. ಹತ್ತಿಯ ಧೂಳು ಎಣ್ಣೆಯ ಜಿಡ್ಡಿಗೆ ಅಂಟಿ ಅಲಗುಗಳ ನಡುವೆ ಮೆತ್ತಿಕೊಳ್ಳುತ್ತದೆ, ಸಂದು ಹಿಗ್ಗುತ್ತದೆ, ಆಮೇಲೆ ಬಾಲ ತುಂಡಾಗದೆ ಸಂದಿನಲ್ಲಿ ಮಡಚಿಕೊಂಡು ಕೂರುತ್ತದೆ, ಬಟ್ಟೆ ಸರಿದಂತೆ ಅಂಚನ್ನು ಜಗ್ಗುತ್ತದೆ. ಕತ್ತರಿ ಇಲ್ಲದಿದ್ದಾಗಿನ ದೋಷಕ್ಕಿಂತ ಇದು ಕೆಟ್ಟದ್ದು. ಇಂಥ ಜೋಡಣೆ ಕೆಲವು ತಿಂಗಳಲ್ಲಿ ಮೂಲೆ ಸೇರಿದರೆ ನೇಕಾರನನ್ನು ದೂರುವಂತಿಲ್ಲ.

ಸಾದಾ ಮಗ್ಗಕ್ಕೆ ಒಂದು ಅನುಕೂಲವಿದೆ. ಕಂಡಿಕೆ ಬದಲಿಸಲು ಅದು ನಿಂತೇ ತೀರಬೇಕು, ಮತ್ತೆ ಹಿಡಿಕೆ ಎಳೆದೇ ಶುರುವಾಗಬೇಕು. ಅಂದರೆ ಬಾಲ ಹುಟ್ಟಿದೆ ಎಂಬ ಸೂಚನೆಯನ್ನು ಹಿಡಿಕೆಯೇ ಕೊಡುತ್ತದೆ. ಸೆನ್ಸರು, ಸರ್ಕ್ಯೂಟು ಯಾವುದೂ ಬೇಡ. ಹಿಡಿಕೆಗೆ ಜೋಡಿಸಿದ ಸಣ್ಣ ಸರಳು ಕತ್ತರಿಯನ್ನು ಹಲಗೆಯ ದಾರಿಗೆ ತರಬೇಕು. ಹಲ್ಲಿನ ಚಕ್ರವೊಂದು ಬಡಿತಕ್ಕೊಂದು ಹಲ್ಲಿನಂತೆ ಸರಿದು, ಹಲ್ಲು ಮುಗಿದೊಡನೆ ಕತ್ತರಿಯನ್ನು ಹಿಂದಕ್ಕೆ ಬಿಡಬೇಕು.

ಹಲ್ಲು ಎಷ್ಟಿರಬೇಕು? ಹೊಕ್ಕು ಬಡಿದು ಕೂರುವ ಗೆರೆಯಿಂದ ಅಲಗು 12 ಮಿಲಿಮೀಟರ್ ಮುಂದಿದೆ ಎಂದುಕೊಂಡರೆ, ಇಂಚಿಗೆ 60 ಹೊಕ್ಕಿನ ಬಟ್ಟೆಯಲ್ಲಿ ಬಾಲ ಅಲ್ಲಿಗೆ ತಲುಪಲು 28 ಹೊಕ್ಕು ಬೇಕು. 40 ಹೊಕ್ಕಿನ ಬಟ್ಟೆಯಲ್ಲಿ 19, 80 ಹೊಕ್ಕಿನದರಲ್ಲಿ 38. ನಲವತ್ತು ಹಲ್ಲಿನ ಒಂದೇ ಚಕ್ರ ಈ ಮೂರಕ್ಕೂ ಸಲ್ಲುತ್ತದೆ. ಒಂದು ಕಂಡಿಕೆಯ 1,040 ಬಡಿತಗಳಲ್ಲಿ ಅಲಗು ಆಡುವುದು 40ರಲ್ಲಿ ಮಾತ್ರ. ಸವೆತ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಹಾಸಿನ ಎಳೆ ಹರಿದು ಮಗ್ಗ ನಿಂತಾಗಲೂ ಕತ್ತರಿ ನಲವತ್ತು ಸಲ ಆಡುತ್ತದೆ, ಅದರಿಂದ ತೊಂದರೆಯಿಲ್ಲ. ಚಕ್ರ, ಕೊಕ್ಕೆ, ಸ್ಪ್ರಿಂಗುಗಳನ್ನು ಯಾವುದೇ ಲೇತ್ ಅಂಗಡಿ ಮಾಡಿಕೊಡಬಲ್ಲದು.

ಇಲ್ಲೊಂದು ತೊಡಕು ಉಳಿಯುತ್ತದೆ. ಬಾಲ ಅಲಗಿಗೆ ತಲುಪಲು ಇಪ್ಪತ್ತೆಂಟು ಹೊಕ್ಕು ಕಾಯಬೇಕು, ಆದರೆ ಅದು ಹಾಸಿನೊಳಗೆ ಎಳೆದುಕೊಂಡು ಹೋಗುವುದು ಮೊದಲ ಎರಡು ಮೂರು ಹೊಕ್ಕಿನಲ್ಲೇ. ಆದ್ದರಿಂದ ಕತ್ತರಿಗಿಂತ ಮೊದಲು ಒಂದು ಹಿಡಿತ ಬೇಕು: ಟೆಂಪಲ್ಲಿನ ಕಟ್ಟಿಗೆ ಬಿಗಿದ ಸ್ಪ್ರಿಂಗ್ ಕ್ಲಿಪ್ಪು ಅಥವಾ ಒತ್ತಾದ ಬ್ರಷ್ಷು. ನೇಕಾರ ಹೊಸ ಕಂಡಿಕೆಯ ತುದಿಯನ್ನು ಅದಕ್ಕೆ ಸಿಕ್ಕಿಸಿ ಹಿಡಿಕೆ ಎಳೆಯುತ್ತಾನೆ. ತುದಿ ಬಿಗಿಯಾಗಿ, ಲಾಳಿಯ ದಾರಿಯಿಂದ ಹೊರಗೆ, ಅಲಗಿನ ಬಾಯಿಗೆ ನೇರವಾಗಿ ನಿಲ್ಲುತ್ತದೆ. ಬಿಗಿ ಇರುವ ದಾರವನ್ನು ಸಾಧಾರಣ ಹರಿತದ ಅಲಗೂ ಕತ್ತರಿಸುತ್ತದೆ. ಸಡಿಲ ದಾರದ ಮುಂದೆ ಹೊಸ ಅಲಗೂ ಸೋಲುತ್ತದೆ. ನಿಮಿಷಕ್ಕೆ 150 ಸುತ್ತಿನಲ್ಲಿ ಒಂದು ಸುತ್ತಿಗೆ 0.4 ಸೆಕೆಂಡು. ಹಲಗೆ ಮುಂದಿನ ತುದಿಯಲ್ಲಿರುವ 30 ಡಿಗ್ರಿಗೆ ಸಿಗುವ ಸಮಯ 33 ಮಿಲಿಸೆಕೆಂಡು. ಅಷ್ಟರೊಳಗೆ ದಾರ ಜಾರಿ ತಪ್ಪಿಸಿಕೊಳ್ಳದಂತೆ ನೋಡಿಕೊಳ್ಳುವುದು ಈ ಹಿಡಿತದ ಕೆಲಸ. ಹೊಸ ಕಂಡಿಕೆಯನ್ನು ಯಾವಾಗಲೂ ಹಿಡಿಕೆಯ ಬದಿಯಿಂದಲೇ ಶುರುಮಾಡುವ ರೂಢಿಯಿದ್ದರೆ ಒಂದೇ ಬದಿಗೆ ಕತ್ತರಿ ಸಾಕು. ನೇಕಾರನ ಬೆರಳು ಓಡಾಡುವ ಜಾಗ ಅದೇ ಆದ್ದರಿಂದ ಅಲಗಿನ ಮೇಲೆ ತಗಡಿನ ಮುಚ್ಚಳ ಇರಲೇಬೇಕು. ಮುಚ್ಚಳದ ಸೀಳಿನಲ್ಲಿ ದಾರ ಹೋಗಬೇಕು, ಬೆರಳು ಹೋಗಬಾರದು.

ನೂಲಿನ ಬಗೆ ಬದಲಾದರೆ ಅಲಗಿನ ಬೇಡಿಕೆಯೂ ಬದಲಾಗುತ್ತದೆ. ಹತ್ತಿ ಸುಲಭವಾಗಿ ತುಂಡಾಗುತ್ತದೆ, ಧೂಳು ಬಿಡುತ್ತದೆ. ರೇಷ್ಮೆ, ಆರ್ಟ್ ಸಿಲ್ಕುಗಳ ನಯವಾದ ಎಳೆ ಅಲಗಿನುದ್ದಕ್ಕೂ ಜಾರುತ್ತದೆ. ಸ್ಥಿರ ಅಲಗಿನಲ್ಲಿ ಸಣ್ಣ ಗರಗಸ ಹಲ್ಲು ಇದ್ದರೆ ನಿಲ್ಲುತ್ತದೆ. ಪಾಲಿಯೆಸ್ಟರಿಗೆ ಹೊಳಪು ತಗ್ಗಿಸಲು ಬೆರೆಸುವ ಟೈಟೇನಿಯಂ ಡೈಆಕ್ಸೈಡು ಉಕ್ಕನ್ನು ಸವೆಸುತ್ತದೆ. ಜರಿಯದು ಬೇರೆಯೇ ಕಥೆ: ಮೊಂಡು ಅಲಗು ತಾಕಿದರೆ ಮೇಲಿನ ಪಟ್ಟಿ ಒಳಗಿನ ದಾರದಿಂದ ಸುಲಿದು ಬರುತ್ತದೆ. ಕಾದ ತಂತಿಯಿಂದ ಕತ್ತರಿಸುವ ಉಪಾಯ ಪಾಲಿಯೆಸ್ಟರಿಗೆ ಸಲ್ಲುತ್ತದೆ; ಅದು 255-260 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗಿ ಅಂಚು ತಾನೇ ಬೆಸೆದುಕೊಳ್ಳುತ್ತದೆ. ಹತ್ತಿ, ರೇಷ್ಮೆ ಕರಗುವ ವಸ್ತುಗಳಲ್ಲ, ಸುಟ್ಟು ಕರಕಾಗುತ್ತವೆ. ಹತ್ತಿಯ ಧೂಳು ಹಾರಾಡುವ ಶೆಡ್ಡಿನಲ್ಲಿ ಕಾದ ತಂತಿ ಇಡುವುದು ಅಪಾಯಕರವೂ ಹೌದು.

ಬಣ್ಣ ಬದಲಾವಣೆಯ ಎಳೆಯ ವಿಷಯ ಚಿಕ್ಕದು. ಚೌಕಳಿಯ ಪಟ್ಟೆ ಕಿರಿದಾಗಿದ್ದರೆ ಎಳೆಯನ್ನು ಅಂಚಿನಲ್ಲೇ ಸಾಗಲು ಬಿಡುವುದು ಲೇಸು. ಪ್ರತಿ ಸಲ ಕತ್ತರಿಸಿದರೆ ಪ್ರತಿ ಸಲವೂ ಹೊಸ ತುದಿಯನ್ನು ಹಿಡಿಯಬೇಕಾಗುತ್ತದೆ, ದೋಷದ ಅವಕಾಶ ಹೆಚ್ಚುತ್ತದೆ.

ಬುಟ್ಟಾದ ಹಿಂದಿನ ತೇಲುವ ಎಳೆಗಳ ಮಾತು ಬೇರೆ. ಒಂದಿಂಚಿನ ಬುಟ್ಟಾ, ನಡುವೆ ಮೂರಿಂಚು ಖಾಲಿ ಎಂಬ ವಿನ್ಯಾಸದಲ್ಲಿ ಹೆಚ್ಚುವರಿ ಹೊಕ್ಕಿನ ನಾಲ್ಕನೇ ಒಂದು ಭಾಗ ಮಾತ್ರ ಬಟ್ಟೆಯಲ್ಲಿ ಉಳಿಯುತ್ತದೆ. ಮುಕ್ಕಾಲು ಪಾಲು ಕತ್ತರಿಸಿ ಎಸೆಯುವುದೇ. ಇದನ್ನು ಮಗ್ಗದ ಮೇಲೆಯೇ ತೆಗೆಯುವ ಜೋಡಣೆ ಆಕರ್ಷಕವಾಗಿ ಕಾಣುತ್ತದೆ. ವಿನ್ಯಾಸಕ್ಕೆ ತಕ್ಕಂತೆ ಹಾಸಿನ ಎಳೆ ಎತ್ತುವ ಜಕಾರ್ಡಿನ ಭಾರ ತಗ್ಗಿಸಲು ಬಟ್ಟೆಯನ್ನು ಮುಖ ಕೆಳಗಾಗಿ ನೇಯುವ ಕಡೆ ತೇಲುವ ಎಳೆಗಳು ಮೇಲೆಯೇ ಇರುತ್ತವೆ, ಅಲಗು ಹಾಯಿಸಲು ಅಡ್ಡಿಯಿಲ್ಲ ಎನಿಸುತ್ತದೆ. ಆದರೆ ತೇಲುವ ಎಳೆಗೂ ಬಟ್ಟೆಯ ನೆಲಕ್ಕೂ ನಡುವಿನ ಅಂತರ ಬಹಳ ಕಡಿಮೆ, ಮೇಲಾಗಿ ಪ್ರತಿ ಬಡಿತಕ್ಕೂ ಬಟ್ಟೆ ಅದುರುತ್ತದೆ. ಅಲಗು ಒಮ್ಮೆ ಕೆಳಗಿಳಿದರೆ ಇಡೀ ಸೀರೆ ಹಾಳು. ಬಾಲದ ಕತ್ತರಿ ತಪ್ಪಿದರೆ ಒಂದು ಗೆರೆ ಕೆಡುತ್ತದೆ, ಇದು ತಪ್ಪಿದರೆ ಬಟ್ಟೆಯಲ್ಲಿ ತೂತು ಬೀಳುತ್ತದೆ. ಬಟ್ಟೆಯನ್ನು ಬಿಗಿಯಾಗಿ ಎಳೆದು, ಸುರುಳಿ ಅಲಗಿನ ಕೆಳಗೆ ಸಮವೇಗದಲ್ಲಿ ಹಾಯಿಸುವ ಷಿಯರಿಂಗ್ ಯಂತ್ರ ಈ ಕೆಲಸಕ್ಕೆ ತಕ್ಕದ್ದು. ಒಂದು ಯಂತ್ರ ಹಲವು ಮನೆಗಳ ಮಗ್ಗಗಳಿಗೆ ಸಾಕಾಗುವುದರಿಂದ ಸಹಕಾರಿ ಸಂಘವೊಂದು ಇದನ್ನು ಹೊಂದುವುದು ಯುಕ್ತ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಗದಗ ಸೀಮೆಗೆ ಇದು ಹೊಸ ಪಾಠವೇನಲ್ಲ.

ಸರ್ಕಾರಿ ನೆರವಿನ ಒಲವು ಬೇರೆ ಜೋಡಣೆಗಳ ಕಡೆಗಿತ್ತು. ಸಾದಾ ವಿದ್ಯುತ್ ಮಗ್ಗಗಳನ್ನು ಇದ್ದಲ್ಲೇ ಮೇಲ್ದರ್ಜೆಗೇರಿಸುವ ಕೇಂದ್ರದ ಯೋಜನೆಯನ್ನು 2017ರ ಏಪ್ರಿಲ್ 1ರಂದು ಭಿವಂಡಿಯಲ್ಲಿ ಆರಂಭವಾದ ಪವರ್‌ಟೆಕ್ಸ್ ಇಂಡಿಯಾದೊಳಗೆ ಸೇರಿಸಲಾಯಿತು. ಹಾಸು ಅಥವಾ ಹೊಕ್ಕು ಹರಿದರೆ ಮಗ್ಗ ನಿಲ್ಲಿಸುವ ಸಾಧನ, ಹಾಸು ಬಿಡುವ ಅರೆ-ನಿಯಂತ್ರಿತ ಸಾಧನ, ಒಳ್ಳೆಯ ಬ್ರೇಕು, ನೈಲಾನ್ ಬಿಡಿಭಾಗಗಳು, ಲಾಳಿಯ ಬದಲು ಸರಳಿನ ತುದಿಯಿಂದ ಹೊಕ್ಕನ್ನು ಎಳೆದೊಯ್ಯುವ ರೇಪಿಯರ್ ಕಿಟ್ಟು ಇವು ಅದರ ಮುಖ್ಯ ಅಂಗಗಳಾಗಿದ್ದವು. ರೇಪಿಯರ್ ಕಿಟ್ಟಿನ ಜೊತೆ ಕತ್ತರಿ ತಾನಾಗಿ ಬರುತ್ತದೆ, ಏಕೆಂದರೆ ಅದರಲ್ಲಿ ಪ್ರತಿ ಹೊಕ್ಕನ್ನೂ ಕತ್ತರಿಸಲೇಬೇಕು. ರೇಪಿಯರಿನ ತಲೆ ಹೊಸ ಎಳೆಯನ್ನು ಕಚ್ಚಿದ ಮರುಗಳಿಗೆ ಕತ್ತರಿ ಆಡಬೇಕು. ಮೊದಲೇ ಆಡಿದರೆ ಎಳೆ ತಪ್ಪುತ್ತದೆ, ತಡವಾದರೆ ಹಿಂದಿನ ಹೊಕ್ಕು ಜಗ್ಗುತ್ತದೆ. ಅಂಚು ಎರಡೂ ಕಡೆ ಬಿಡಿಬಿಡಿಯಾಗುವುದರಿಂದ ಅದನ್ನು ಹೆಣೆದು ಕಟ್ಟಲು ಬೇರೆ ಎಳೆಗಳು, ಕತ್ತರಿಸಿ ಬಿಸಾಡುವ ಹುಸಿ ಅಂಚು ಬೇಕಾಗುತ್ತವೆ. ಷರ್ಟಿನ ಬಟ್ಟೆಗೆ ಇದು ಕೊರತೆಯಲ್ಲ. ಹೊಲಿಗೆಗೆ ಹೋಗದೆ ಹಾಗೆಯೇ ಉಡುವ ಸೀರೆಗೆ ಲಾಳಿ ತಿರುಗಿ ಕಟ್ಟಿದ ಅಂಚೇ ಗಟ್ಟಿ, ಅಂದ. ಸೀರೆ ನೇಯುವ ಬೆಟಗೇರಿಯಂಥ ಕಡೆ ಲಾಳಿಯನ್ನು ಉಳಿಸಿಕೊಂಡು ಹಿಡಿತ ಸಹಿತ ಕತ್ತರಿ ಜೋಡಿಸುವುದೇ ಮೇಲು.

ಪರೀಕ್ಷೆಯ ಕ್ರಮ ಸರಳವಿರಬಹುದು. ಒಂದೇ ನೂಲು, ಒಂದೇ ವಿನ್ಯಾಸದ ಎರಡು ಮಗ್ಗಗಳಲ್ಲಿ ಒಂದಕ್ಕೆ ಮಾತ್ರ ಕತ್ತರಿ ಜೋಡಿಸಿ, ನೂರು ಮೀಟರಿಗೆ ಎಷ್ಟು ಬಾಲ ಒಳಹೊಕ್ಕವು, ಎಷ್ಟು ಸಲ ಕತ್ತರಿ ತಪ್ಪಿತು, ಅಲಗು ಎಷ್ಟು ದಿನಕ್ಕೆ ಸಾಣೆ ಬೇಡಿತು ಎಂದು ಬರೆದಿಡಬೇಕು. ಬಳಿಕ ಮಗ್ಗಗಳನ್ನು ಅದಲುಬದಲು ಮಾಡಬೇಕು. ಇಲ್ಲವಾದರೆ ನೇಕಾರನ ಕೈಚಳಕ ಕತ್ತರಿಯ ಲೆಕ್ಕಕ್ಕೆ ಸೇರಿಬಿಡುತ್ತದೆ.

ಕೈಮಗ್ಗಕ್ಕೂ ಇದೇ ಹಿಡಿತ ಮತ್ತು ಕತ್ತರಿಯನ್ನು ಹಲಗೆಯ ಚಲನೆಯಿಂದಲೇ ನಡೆಸಬಹುದು. ವೇಗ ಕಡಿಮೆ ಇರುವುದರಿಂದ ಹಲ್ಲಿನ ಚಕ್ರದ ಅಗತ್ಯವೂ ಇಲ್ಲ. ನೇಕಾರ ಬೇಕಾದಾಗ ಒಂದು ಗುಂಡಿ ಒತ್ತಿದರಾಯಿತು. ಕೈಮಗ್ಗದ ಮೀಸಲಾತಿಯ ಲಾಭ ತಪ್ಪೀತೆಂಬ ಅಂಜಿಕೆಗೂ ಕಾರಣವಿಲ್ಲ. ಕೈಮಗ್ಗಕ್ಕೆ ಕೆಲವು ಬಟ್ಟೆಗಳನ್ನು ಮೀಸಲಿಟ್ಟ 1985ರ ಕಾಯಿದೆಯ ಪ್ರಕಾರ ವಿದ್ಯುತ್ ಮಗ್ಗವಲ್ಲದ ಯಾವ ಮಗ್ಗವೂ ಕೈಮಗ್ಗವೇ. ಹಲಗೆಯ ಬಲದಿಂದ ಆಡುವ ಕತ್ತರಿ ಕೂರಿಸಿದ ಮಾತ್ರಕ್ಕೆ ಮಗ್ಗದ ಜಾತಿ ಬದಲಾಗುವುದಿಲ್ಲ.