ನಾಲ್ಕು ಪೆನ್ನಿಯ ಹಾಸಿಗೆ

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಲಂಡನ್ ನಗರವು ಜಗತ್ತಿನ ಐಶ್ವರ್ಯವನ್ನು ತನ್ನ ಬಂದರಿಗೆ ಸೆಳೆದುಕೊಳ್ಳುತ್ತಿದ್ದ ಕಾಲದಲ್ಲಿಯೇ, ಅಲ್ಲಿನ ಕೂಲಿಗಳೂ ಬೀದಿ ವ್ಯಾಪಾರಿಗಳೂ ಕೆಲಸವನ್ನರಸಿ ಹಳ್ಳಿಗಳಿಂದ ಬಂದವರೂ ರಾತ್ರಿಗಿಷ್ಟೆಂದು ಕಾಸು ತೆತ್ತು ಮಲಗುತ್ತಿದ್ದ ತಂಗುಮನೆಗಳು ಗಾಳಿ ಬೆಳಕುಗಳಿಲ್ಲದ ಜ್ವರದ ತವರುಗಳಾಗಿದ್ದುವು. ಬಡವರ ಬದುಕನ್ನು ಸಮೀಪದಿಂದ ಬಲ್ಲವನಾಗಿದ್ದ ಶಾಫ್ಟ್ಸ್‌ಬರಿ ಪ್ರಭುವಿನ ಪ್ರಯತ್ನದಿಂದ 1851ರಲ್ಲಿ ಪಾರ್ಲಿಮೆಂಟು ಈ ಮನೆಗಳಿಗಾಗಿಯೇ ಒಂದು ಶಾಸನವನ್ನು ರಚಿಸಿತು.

ಅದರ ವಿಧಿಗಳನ್ನು ಓದುವಾಗ ಅವುಗಳ ನಿಷ್ಕೃಷ್ಟತೆಯೇ ಮನಸ್ಸನ್ನು ಸೆಳೆಯುತ್ತದೆ. ನೋಂದಣಿಯಿಲ್ಲದೆ ಯಾರೂ ತಂಗುಮನೆ ನಡೆಸುವಂತಿಲ್ಲ. ಅಧಿಕಾರಿಯು ಯಾವಾಗ ಬಂದರೂ ಬಾಗಿಲು ತೆರೆಯತಕ್ಕದ್ದು. ಜ್ವರಪೀಡಿತನಿದ್ದರೆ ಒಡನೆಯೇ ತಿಳಿಸತಕ್ಕದ್ದು. ಪ್ರತಿವರ್ಷ ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳುಗಳ ಮೊದಲ ವಾರದಲ್ಲಿ ಗೋಡೆಗೂ ಒಳಚಾವಣಿಗೂ ಸುಣ್ಣ ಬಳಿಸತಕ್ಕದ್ದು. ಪ್ರತಿಯೊಂದು ಕೋಣೆಯನ್ನೂ ಅಳೆದು, ಇಲ್ಲಿ ಇಂತಿಷ್ಟು ಜನರು ಮಾತ್ರ ಮಲಗಬಹುದೆಂಬ ಫಲಕವನ್ನು ಗೋಡೆಗೆ ತೂಗಹಾಕುತ್ತಿದ್ದರು. ಲಂಡನ್ನಿನಲ್ಲಿ ಈ ತನಿಖೆಯ ಭಾರವನ್ನು ಮೊದಲು ಪೊಲೀಸರೂ 1894ರಿಂದ ಲಂಡನ್ ಕೌಂಟಿ ಕೌನ್ಸಿಲೂ ಹೊತ್ತರು. ದರಿದ್ರನ ನಿದ್ರೆಗೂ ಒಂದು ಅಳತೆಯುಂಟು, ಅದಕ್ಕೂ ಕಾವಲು ಬೇಕು ಎಂದು ಒಪ್ಪಿದ ಆ ಶಾಸನವು ನಿಜವಾಗಿಯೂ ಪೂಜ್ಯವಾದುದು.

ಆದರೆ ಅದರ ರಕ್ಷಣೆಯೆಲ್ಲ ಹೊಸ್ತಿಲಿನ ಒಳಗೇ ನಿಂತಿತು. 1888ರ ಆಗಸ್ಟ್ 31ರ ನಡುರಾತ್ರಿ ಕಳೆದ ಮೇಲೆ, ಥ್ರಾಲ್ ಬೀದಿಯ ತಂಗುಮನೆಯೊಂದರ ಅಡಿಗೆಮನೆಯಲ್ಲಿ ಕುಳಿತಿದ್ದ 43 ವರ್ಷದ ಮೇರಿ ಆನ್ ನಿಕಲ್ಸ್ ಎಂಬಾಕೆಯ ಬಳಿ ಹಾಸಿಗೆಗೆ ಕೊಡಬೇಕಾದ ನಾಲ್ಕು ಪೆನ್ನಿ ಇರಲಿಲ್ಲ. ಅವಳನ್ನು ಹೊರಗೆ ಕಳುಹಿದರು. ಬೆಳಗಾಗುವ ಮುನ್ನವೇ ಆಕೆ ಸಮೀಪದ ಬೀದಿಯಲ್ಲಿ ಕೊಲೆಯಾಗಿ ಬಿದ್ದಿದ್ದಳು. ಆಕೆಯನ್ನು ಹೊರಗೆ ಕಳುಹಿದುದರಲ್ಲಿ ಆ ಮನೆಯವರು ಶಾಸನದ ಯಾವ ವಿಧಿಯನ್ನೂ ಮುರಿದಿರಲಿಲ್ಲವೆಂಬುದನ್ನು ನೆನೆದಾಗ ಎದೆ ಕುದಿಯುತ್ತದೆ.

ಇಂತಹವರಿಗಾಗಿ ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆಯು ಅದೇ ವರ್ಷ ಲೈಮ್‌ಹೌಸಿನಲ್ಲಿ ಆಶ್ರಯಾಲಯವನ್ನು ತೆರೆಯಿತು. ಅದರ ಆಶ್ರಯಗಳಲ್ಲಿ ಮಲಗಲು ಸಾಲಾಗಿ ಮರದ ಪೆಟ್ಟಿಗೆಗಳನ್ನಿರಿಸಿ, ಒಬ್ಬೊಬ್ಬನಿಗೆ ಒಂದೊಂದರಂತೆ ಅಲ್ಪ ಹಣಕ್ಕೆ ಕೊಡುತ್ತಿದ್ದರು. ಲಾಭಕ್ಕಲ್ಲದೆ ಧರ್ಮಕ್ಕಾಗಿ ನಡೆಯುವ ಮನೆಗೂ ನೋಂದಣಿ ಬೇಕೆ ಎಂಬ ವ್ಯಾಜ್ಯವು ನ್ಯಾಯಾಲಯಕ್ಕೇರಿ, 1900ರಲ್ಲಿ ಬೇಕೆಂದೇ ತೀರ್ಪಾಯಿತು. ತೀರ್ಪು ಯುಕ್ತವಾದುದೇ, ರೋಗವು ಬಾಡಿಗೆಯ ಮನೆ, ಧರ್ಮದ ಮನೆ ಎಂದು ಭೇದವೆಣಿಸುವುದಿಲ್ಲ. ಆದರೂ ಆಶ್ರಯವನ್ನು ಕಲ್ಪಿಸಲೇಬೇಕಾದ ಹೊಣೆ ಯಾರದೆಂಬ ಪ್ರಶ್ನೆಗೆ ನೋಂದಣಿಯಲ್ಲಿ ಉತ್ತರವಿರಲಿಲ್ಲ.

ನಮ್ಮ ದೇಶದಲ್ಲಿ ಆ ಹೊಣೆಯನ್ನು 2010ರಲ್ಲಿ ಸುಪ್ರೀಂ ಕೋರ್ಟಿನ ಆದೇಶಗಳು ಸರ್ಕಾರಗಳ ಮೇಲೆಯೇ ಹೊರಿಸಿದುವು. 2013ರ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮದಂತೆ ಲಕ್ಷ ಜನಸಂಖ್ಯೆಗೊಂದರಂತೆ, ಕನಿಷ್ಠ ನೂರು ಜನರಿಗೆ ಸ್ಥಳವುಳ್ಳ, ತಲೆಗೆ 50 ಚದರ ಅಡಿ ದೊರೆಯುವ, ಹಗಲಿರುಳೂ ತೆರೆದಿರುವ ಆಶ್ರಯಗಳಿರತಕ್ಕದ್ದೆಂದಾಯಿತು. ಈ ಅಳತೆ ಬೆಂಗಳೂರಿಗೂ ಹುಬ್ಬಳ್ಳಿಗೂ ಮೈಸೂರಿಗೂ ಅನ್ವಯಿಸಿತು. ವಾಚಕರು ತಮ್ಮ ಊರಿನ ಜನಸಂಖ್ಯೆಯನ್ನೂ ಅಲ್ಲಿರುವ ಆಶ್ರಯಗಳ ಲೆಕ್ಕವನ್ನೂ ಒಮ್ಮೆ ಹೋಲಿಸಿ ನೋಡಿ, ಕೊರತೆಯಿದ್ದಲ್ಲಿ ನಗರಪಾಲಿಕೆಯನ್ನು ಅಥವಾ ನಗರಸಭೆಯನ್ನು ಕೇಳಬೇಕೆಂದು ಪ್ರಾರ್ಥಿಸುತ್ತೇನೆ.